ಗಡ್ಡೆ ಮಾಯವಾದ ಮೇಲೂ ಬಯಾಪ್ಸಿ ಯಾಕೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ, ಮೂಲ ಕುಂದಾಪುರದ ಕಡೆ. ಅಪ್ಪನಿಗೆ 64 ವರ್ಷ. ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಎರಡು ತಿಂಗಳಿಂದ ಮಾತು ಕಡಿಮೆಯಾಯಿತು, ಚಿಲ್ಲರೆ ಕೊಡುವಾಗ ತಪ್ಪುತ್ತಿದ್ದರು, ಮನೆಗೆ ಬಂದರೆ ಟಿವಿ ಎದುರು ಸುಮ್ಮನೆ ಕೂತಿರುತ್ತಿದ್ದರು. ಎಂಆರ್‌ಐ ಮಾಡಿಸಿದಾಗ ಮಿದುಳಿನ ಮುಂಭಾಗದಲ್ಲಿ, ನಟ್ಟನಡುವೆ, ಗಡ್ಡೆ ಕಂಡಿತು. ‘ಲಿಂಫೋಮಾ ಇರಬಹುದು, ಗ್ಲಯೋಮಾ ಮತ್ತು ಕ್ಷಯದ ಗಂಟನ್ನೂ ಪರಿಗಣಿಸಬೇಕು’ ಎಂದು ರಿಪೋರ್ಟ್ ಬಂತು. ಊತ ಇಳಿಯಲೆಂದು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. ನಾಲ್ಕೇ ದಿನಕ್ಕೆ ಅಪ್ಪ ಮೊದಲಿನಂತಾದರು. ಹದಿನೈದು ದಿನ ಬಿಟ್ಟು ಮಾಡಿಸಿದ ಎಂಆರ್‌ಐಯಲ್ಲಿ ಗಡ್ಡೆ ಹೆಚ್ಚುಕಡಿಮೆ ಮಾಯ. ಈಗ ನ್ಯೂರೋಸರ್ಜನ್, ‘ಸ್ಟಿರಾಯ್ಡ್ ಇಳಿಸುತ್ತಾ ನಿಲ್ಲಿಸೋಣ, ಮತ್ತೆ ಕಾಣಿಸಿಕೊಂಡ ಕೂಡಲೇ ಬಯಾಪ್ಸಿ ಮಾಡೋಣ’ ಅನ್ನುತ್ತಾರೆ. ಎಚ್‌ಐವಿ ಪರೀಕ್ಷೆಯನ್ನೂ ಬರೆದುಕೊಟ್ಟಿದ್ದಾರೆ, ಹೇಳಲು ಸಂಕೋಚವಾಗುತ್ತದೆ. ವಾಸಿಯಾದದ್ದನ್ನು ಕೆದಕುವುದು ಯಾಕೆ ಎಂದು ಮಾವ ಹಟ ಹಿಡಿದಿದ್ದಾರೆ. ಕುತ್ತಿಗೆಯಲ್ಲಿ, ಕಂಕುಳಲ್ಲಿ ಒಂದು ಗಂಟೂ ಇಲ್ಲದೆ ಲಿಂಫೋಮಾ ಹೇಗೆ ಬರುತ್ತದೆ? ಇಷ್ಟು ದುಡ್ಡು ಕೊಟ್ಟು ಮಾಡಿಸಿದ ಸ್ಕ್ಯಾನ್ ನೋಡಿ ರೋಗ ಇದೇ ಎಂದು ಹೇಳಲು ಆಗುವುದಿಲ್ಲವೇ?

ಉತ್ತರ: ಬಯಾಪ್ಸಿ, ಅಂದರೆ ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು, ಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಈಗ ಮಾತು ನಡೆಯುತ್ತಿರುವುದು ಇದರ ಮೇಲೆಯೇ. ನಿಮ್ಮ ನ್ಯೂರೋಸರ್ಜನ್ ಹೇಳಿದ್ದು ಸರಿಯಾಗಿದೆ. ತಂದೆಯವರು ಎದ್ದು ಓಡಾಡುತ್ತಿದ್ದಾರೆ, ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದಾರೆ, ಅದು ದೊಡ್ಡ ಸಮಾಧಾನ. ಆದರೆ ಅದನ್ನು ವಾಸಿಯಾಯಿತು ಎಂದು ಓದಬೇಡಿ. ಮಿದುಳಿನ ಲಿಂಫೋಮಾ ಸ್ಟಿರಾಯ್ಡ್ ಕಂಡರೆ ಕರಗುತ್ತದೆ, ಮಾತ್ರೆ ನಿಂತ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ತಿರುಗಿ ಬರುತ್ತದೆ. ಮೊದಲಿದ್ದ ಜಾಗದಲ್ಲೇ ಬರಬಹುದು, ಬೇರೆ ಜಾಗದಲ್ಲೂ ಬರಬಹುದು.

ನೀವು ಕಳಿಸಿದ ಎರಡೂ ರಿಪೋರ್ಟ್ ಓದಿದ್ದೇನೆ, ಚಿತ್ರಗಳನ್ನು ನೋಡಿಲ್ಲ. ಹಾಗಾಗಿ ನಿಮ್ಮ ತಂದೆಯವರ ರೋಗ ಇಂಥದ್ದೇ ಎಂದು ನಾನು ಹೇಳುತ್ತಿಲ್ಲ. ಮುಂಬೈಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಮಿದುಳಿನ ಸ್ಕ್ಯಾನ್ ಓದುತ್ತಿರುವವನಾಗಿ, ಆ ರಿಪೋರ್ಟಿನ ಒಂದೊಂದು ಸಾಲಿನ ಹಿಂದೆ ಏನಿದೆ, ಯಾವ ಸಾಲನ್ನು ಎಷ್ಟು ನಂಬಬೇಕು ಎಂಬುದನ್ನು ಹೇಳಬಲ್ಲೆ.

ಗಂಟಿಲ್ಲದೆ ಲಿಂಫೋಮಾ ಹೇಗೆ ಎಂದು ಕೇಳಿದ್ದೀರಿ. ಲಿಂಫೋಮಾ ಎಂಬ ಕ್ಯಾನ್ಸರ್ ಹುಟ್ಟುವುದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣದಿಂದ. ಆ ಕಣಗಳು ಕುತ್ತಿಗೆ, ಕಂಕುಳಲ್ಲಿರುವಂಥ ದುಗ್ಧಗ್ರಂಥಿಯಲ್ಲಿ ಮಾತ್ರ ಕೂತಿರುವುದಿಲ್ಲ, ಊರೆಲ್ಲ ಸುತ್ತುತ್ತವೆ. ಅವು ಎಲ್ಲಿ ನೆಲೆ ನಿಂತು ಕೆಟ್ಟರೂ ಅಲ್ಲಿ ಲಿಂಫೋಮಾ ಬೆಳೆಯಬಹುದು. ಗ್ರಂಥಿಗಳ ಹೊರಗೆ ಅದು ಹೆಚ್ಚಾಗಿ ಕಾಣುವ ಜಾಗ ಹೊಟ್ಟೆ, ಅಂದರೆ ಜಠರ. ಚರ್ಮ, ಥೈರಾಯ್ಡ್, ಮೂಳೆ, ವೃಷಣ, ಮೂಗಿನ ಒಳಭಾಗ ಇಲ್ಲೆಲ್ಲ ಬರುವುದುಂಟು. ಮಿದುಳಿನಲ್ಲಿ ದುಗ್ಧಗ್ರಂಥಿಯೇ ಇಲ್ಲ, ಆದರೂ ಬರುತ್ತದೆ. ಮಿದುಳು, ಬೆನ್ನುಹುರಿ, ಅವುಗಳ ಪೊರೆ, ಕಣ್ಣು, ಇಷ್ಟರೊಳಗೇ ಇದ್ದು ದೇಹದ ಉಳಿದ ಕಡೆ ಎಲ್ಲೂ ಇಲ್ಲದಿದ್ದರೆ ಅದನ್ನು ಮಿದುಳಿನ ಪ್ರಾಥಮಿಕ ಲಿಂಫೋಮಾ ಅನ್ನುತ್ತಾರೆ. ಮಿದುಳಿನಲ್ಲೇ ಹುಟ್ಟುವ ಗಡ್ಡೆಗಳಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಮಾತ್ರ ಈ ಜಾತಿಯವು. ಅವುಗಳಲ್ಲಿ ಹತ್ತಕ್ಕೆ ಒಂಬತ್ತು, ಬಿ ಎಂಬ ಜಾತಿಯ ಲಿಂಫೋಸೈಟ್‌ಗಳಿಂದ ಬರುವ, ವೇಗವಾಗಿ ಬೆಳೆಯುವ ಲಿಂಫೋಮಾ. ಹೆಚ್ಚಾಗಿ ಅರವತ್ತು ದಾಟಿದವರಲ್ಲಿ ಕಾಣುತ್ತದೆ. ಹಿಂದೆ ಇದು ಎಲ್ಲಿಂದ ಹುಟ್ಟುತ್ತದೆ ಎಂದೇ ತಿಳಿಯದೆ ಮೈಕ್ರೋಗ್ಲಯೋಮಾ, ರೆಟಿಕ್ಯುಲಮ್ ಸೆಲ್ ಸಾರ್ಕೋಮಾ ಎಂದೆಲ್ಲ ಕರೆಯುತ್ತಿದ್ದರು. ಹಳೆಯ ಪುಸ್ತಕದಲ್ಲಿ ಆ ಹೆಸರು ಕಂಡರೆ ಗಾಬರಿಯಾಗಬೇಡಿ, ರೋಗ ಒಂದೇ.

ಇನ್ನು ಸ್ಕ್ಯಾನ್. ಮೊದಲ ರಿಪೋರ್ಟಿನಲ್ಲಿ, ಎಡ ಬಲ ಮಿದುಳನ್ನು ಜೋಡಿಸುವ ಸೇತುವೆಯ ಮುಂದಿನ ತುದಿಯಲ್ಲಿ ಗಡ್ಡೆ ಇದ್ದು ಎರಡೂ ಬದಿಗೆ ಚಾಚಿದೆ ಎಂದಿದೆ. ಆ ಸೇತುವೆಗೆ ಕಾರ್ಪಸ್ ಕೆಲೋಸಮ್ ಎಂದು ಹೆಸರು. ಅಲ್ಲಿ ಕೂತ ಗಡ್ಡೆ ಅಡ್ಡ ಚಿತ್ರದಲ್ಲಿ ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ ಕಾಣುತ್ತದೆ. ಮೂವತ್ತು ವರ್ಷ ಲೆಕ್ಕ ತಪ್ಪದ ಮನುಷ್ಯ ಚಿಲ್ಲರೆ ತಪ್ಪಿದ್ದೂ, ಮಾತಿನಲ್ಲಿ ಆಸಕ್ತಿಯೇ ಹೋದದ್ದೂ ಆ ಜಾಗಕ್ಕೆ ಸರಿಯಾಗಿ ಹೊಂದುತ್ತದೆ. ಮಿದುಳಿನ ಈ ಮುಂದಿನ ತುದಿ ಕುಂದಿದರೆ ಸಾಮಾನ್ಯವಾಗಿ ಕೈಕಾಲು ಬೀಳುವುದಿಲ್ಲ, ಮನುಷ್ಯ ಮಂಕಾಗುತ್ತಾನೆ. ಮನೆಯವರು ವಯಸ್ಸಾಯಿತು, ಬೇಜಾರಾಗಿದೆ ಅಂದುಕೊಂಡು ತಿಂಗಳು ಕಳೆಯುವುದು ಇದರಿಂದಲೇ.

ಮಿದುಳಿನ ಒಳಗಿನ ನೀರಿನ ಕೋಣೆಗಳ ಅಂಚಿಗೆ, ಈ ಸೇತುವೆಗೆ, ಮಿದುಳಿನ ಆಳದಲ್ಲಿರುವ ಬೂದು ಅಂಗಾಂಶಕ್ಕೆ ಅಂಟಿಕೊಂಡು ಬೆಳೆಯುವುದು ಲಿಂಫೋಮಾದ ಅಭ್ಯಾಸ. ಆದರೆ ಗ್ಲಯೋಮಾ ಜಾತಿಯ ಗ್ಲಯೋಬ್ಲಾಸ್ಟೋಮಾ ಎಂಬ ಕೆಟ್ಟ ಗಡ್ಡೆಯೂ ಇದೇ ಸೇತುವೆ ದಾಟಿ ಚಿಟ್ಟೆಯಾಗುತ್ತದೆ. ಜಾಗ ನೋಡಿ ತೀರ್ಪು ಕೊಡಲು ಆಗುವುದಿಲ್ಲ.

ನಾನು ಹೆಚ್ಚು ಬೆಲೆ ಕೊಡುವುದು ಡಿಫ್ಯೂಷನ್ ಚಿತ್ರಕ್ಕೆ. ಅಂಗಾಂಶದೊಳಗೆ ನೀರಿನ ಅಣುಗಳು ಎಷ್ಟು ಸಲೀಸಾಗಿ ಸರಿದಾಡುತ್ತವೆ ಎಂಬುದನ್ನು ಅದು ತೋರಿಸುತ್ತದೆ. ಬೆಳಗಿನ ಎಂಟೂವರೆಯ ಡೊಂಬಿವಲಿ ಲೋಕಲ್ ನಿಮಗೆ ಗೊತ್ತು. ಒಳಗೆ ಕಾಲಿಟ್ಟ ಮೇಲೆ ಕೈ ಎತ್ತಿ ಹಿಡಿ ಹಿಡಿಯಲೂ ಜಾಗವಿಲ್ಲ. ಲಿಂಫೋಮಾ ಒಳಗೆ ಹಾಗೆ. ಕಣಗಳು ಒತ್ತೊತ್ತಾಗಿ ತುಂಬಿರುತ್ತವೆ, ನೀರು ಅಲುಗಾಡುವುದಿಲ್ಲ, ಡಿಫ್ಯೂಷನ್ ಚಿತ್ರದಲ್ಲಿ ಗಡ್ಡೆ ಬೆಳ್ಳಗೆ ಹೊಳೆಯುತ್ತದೆ, ಅದರ ಜೋಡಿ ನಕ್ಷೆಯಲ್ಲಿ ಅದೇ ಜಾಗ ಕಪ್ಪಗೆ ಇಳಿದಿರುತ್ತದೆ. ಟಿ2 ಎಂಬ ಚಿತ್ರದಲ್ಲಿ ಹೆಚ್ಚಿನ ಗಡ್ಡೆಗಳು ಬೆಳ್ಳಗೆ ಕಂಡರೆ ಇದು ಬೂದು ಬಣ್ಣಕ್ಕೆ ಉಳಿಯುವುದೂ, ಕಾಂಟ್ರಾಸ್ಟ್ ಇಲ್ಲದ ಸಾದಾ ಸಿಟಿ ಸ್ಕ್ಯಾನ್‌ನಲ್ಲೇ ಸುತ್ತಲಿಗಿಂತ ತುಸು ಬೆಳ್ಳಗೆ ಕಾಣುವುದೂ ಇದೇ ಕಿಕ್ಕಿರಿದ ಕಣಗಳಿಂದ. ನಿಮ್ಮ ಮೊದಲ ರಿಪೋರ್ಟಿನಲ್ಲಿ ಡಿಫ್ಯೂಷನ್, ಟಿ2 ಎರಡೂ ಹೀಗೇ ಇವೆ.

ಆಮೇಲೆ ಕಾಂಟ್ರಾಸ್ಟ್. ಕೈಯ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಔಷಧ ಕೊಟ್ಟ ಮೇಲೆ ಲಿಂಫೋಮಾ ಅಂಚಿನಿಂದ ಅಂಚಿಗೆ ಒಂದೇ ಸಮ ಬೆಳಗುತ್ತದೆ, ಸುಣ್ಣ ಬಳಿದ ಹಾಗೆ. ಗ್ಲಯೋಬ್ಲಾಸ್ಟೋಮಾದ ನಡುಭಾಗ ಸಾಮಾನ್ಯವಾಗಿ ಕೊಳೆತಿರುತ್ತದೆ, ಸುತ್ತ ಅಂಕುಡೊಂಕು ಬಳೆಯಂತೆ ಬೆಳಗುತ್ತದೆ, ಒಳಗೆ ರಕ್ತ ಸೋರಿದ ಚುಕ್ಕಿಗಳಿರುತ್ತವೆ. ಇಲ್ಲಿ ಒಂದು ಎಚ್ಚರ: ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ಮುಖ್ಯವಾಗಿ ಎಚ್‌ಐವಿ ಇದ್ದವರಲ್ಲಿ, ಲಿಂಫೋಮಾ ಕೂಡ ನಡುವೆ ಕೊಳೆತು ಬಳೆಯಂತೆಯೇ ಕಾಣುತ್ತದೆ. ಆಗ ಟಾಕ್ಸೋಪ್ಲಾಸ್ಮಾ ಸೋಂಕಿಗೂ ಇದಕ್ಕೂ ಚಿತ್ರದಲ್ಲಿ ವ್ಯತ್ಯಾಸ ಹುಡುಕುವುದು ಬಹಳ ಕಷ್ಟ. ತಂದೆಯವರಿಗೆ ಎಚ್‌ಐವಿ ಪರೀಕ್ಷೆ ಬರೆದುಕೊಟ್ಟಿದ್ದಾರೆ ಎಂದು ನಿಮ್ಮ ಪತ್ರದಲ್ಲಿ ಸಂಕೋಚದಿಂದ ಬರೆದಿದ್ದೀರಿ. ಅದರಲ್ಲಿ ಅವಮಾನ ಏನೂ ಇಲ್ಲ. ಈ ರೋಗದ ಅನುಮಾನ ಬಂದ ಪ್ರತಿಯೊಬ್ಬರಿಗೂ ಅದು ಆಗಲೇಬೇಕು, ಉತ್ತರದ ಮೇಲೆ ಚಿತ್ರವನ್ನು ಓದುವ ರೀತಿಯೇ ಬದಲಾಗುತ್ತದೆ.

ಇನ್ನೆರಡು ಪರೀಕ್ಷೆ ಅದೇ ಎಂಆರ್‌ಐ ಮೇಜಿನ ಮೇಲೆ ಆಗುತ್ತವೆ. ಪರ್ಫ್ಯೂಷನ್ ರಕ್ತ ಎಷ್ಟು ಹರಿಯುತ್ತಿದೆ ಎಂದು ಅಳೆಯುತ್ತದೆ. ಗ್ಲಯೋಬ್ಲಾಸ್ಟೋಮಾ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಅಲ್ಲಿ ಹರಿವು ಜೋರು. ಲಿಂಫೋಮಾ ಇರುವ ನಾಳಗಳ ಸುತ್ತಲೇ ಮುತ್ತಿಕೊಂಡು ಬೆಳೆಯುತ್ತದೆ, ಹರಿವು ಅಷ್ಟು ಏರುವುದಿಲ್ಲ. ಬಣ್ಣದ ನಕ್ಷೆಯಲ್ಲಿ ಒಂದು ಕೆಂಪಗೆ ಉರಿದರೆ ಇನ್ನೊಂದು ತಣ್ಣಗಿರುತ್ತದೆ. ಸ್ಪೆಕ್ಟ್ರೋಸ್ಕೋಪಿ ಗಡ್ಡೆಯ ರಸಾಯನ ತೋರಿಸುತ್ತದೆ. ಲಿಂಫೋಮಾದಲ್ಲಿ ಕೊಬ್ಬಿನ ಗುರುತು ಎತ್ತರಕ್ಕೆ ಏಳುತ್ತದೆ, ಅದೊಂದು ಸುಳಿವು. ಆದರೆ ಕ್ಷಯದ ಗಂಟಿನಲ್ಲೂ ಕೊಬ್ಬಿನ ಗುರುತು ಏಳುತ್ತದೆ. ನಮ್ಮ ಊರಲ್ಲಿ ಈ ಪರೀಕ್ಷೆಯೊಂದನ್ನೇ ಹಿಡಿದುಕೊಂಡು ಹೋದರೆ ದಾರಿ ತಪ್ಪುತ್ತದೆ.

ಕ್ಷಯದ ವಿಚಾರ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಾನು ಕಂಡಂತೆ ಮುಂಬೈಯಲ್ಲಿ ಮಿದುಳಿನ ಲಿಂಫೋಮಾ ಪತ್ತೆ ತಡವಾಗುವುದು ಬಹುಪಾಲು ಇಲ್ಲೇ. ಇಲ್ಲಿ ಕ್ಷಯ ಅಷ್ಟು ಸಾಮಾನ್ಯ. ಮಿದುಳಿನಲ್ಲಿ ಗಂಟು ಕಂಡು ಸ್ವಲ್ಪ ಗೊಂದಲವಾದರೆ ಎಕೆಟಿ ಶುರು ಮಾಡಿ ನೋಡೋಣ ಅನ್ನುತ್ತಾರೆ. ಎಕೆಟಿ ಅಂದರೆ ಕ್ಷಯದ ಮಾತ್ರೆಗಳ ಕೋರ್ಸ್. ಮಿದುಳಿನ ಕ್ಷಯಕ್ಕೆ ಆ ಮಾತ್ರೆಗಳ ಜೊತೆ ಸ್ಟಿರಾಯ್ಡ್ ಕೊಡುವುದು ಸರಿಯಾದ ಕ್ರಮವೇ. ತೊಡಕು ಹುಟ್ಟುವುದು ಆಮೇಲೆ. ರೋಗಿ ಚೇತರಿಸಿಕೊಳ್ಳುತ್ತಾರೆ, ಸ್ಕ್ಯಾನ್‌ನಲ್ಲಿ ಗಡ್ಡೆ ಕುಗ್ಗಿರುತ್ತದೆ. ನೋಡಿ, ಎಕೆಟಿ ಹತ್ತಿತು, ಕ್ಷಯವೇ ಸರಿ ಎಂದು ಎಲ್ಲರೂ ನಂಬುತ್ತಾರೆ. ಕುಗ್ಗಿಸಿದ್ದು ಸ್ಟಿರಾಯ್ಡ್, ಹೆಸರು ಹೋದದ್ದು ಎಕೆಟಿಗೆ.

ಇದಕ್ಕೆ ನಾನೂ ಒಮ್ಮೆ ಸಿಕ್ಕಿದ್ದೇನೆ. ಕೆಲವು ವರ್ಷಗಳ ಹಿಂದೆ, ಕ್ಯಾಂಟೀನ್ ಒಂದರಲ್ಲಿ ಅಡುಗೆ ಮಾಡುತ್ತಿದ್ದ ನಮ್ಮ ಕರಾವಳಿಯವರೊಬ್ಬರ ಎರಡನೇ ಎಂಆರ್‌ಐ ನನ್ನ ಮೇಜಿಗೆ ಬಂತು. ಬೇರೆ ಕಡೆ ಮಾಡಿಸಿದ ಮೊದಲ ಫಿಲ್ಮ್ ಪಕ್ಕದಲ್ಲಿಟ್ಟು ನೋಡಿದೆ. ಗಡ್ಡೆ ಕಾಲು ಭಾಗಕ್ಕೆ ಇಳಿದಿತ್ತು. ಚೀಟಿಯಲ್ಲಿ ಎಕೆಟಿ ಎಂದಷ್ಟೇ ಇತ್ತು. ‘ಚಿಕಿತ್ಸೆಗೆ ಒಳ್ಳೆಯ ಪ್ರತಿಕ್ರಿಯೆ’ ಎಂದು ಬರೆದು ಸಹಿ ಹಾಕಿದೆ. ಜೊತೆಗೆ ಸ್ಟಿರಾಯ್ಡ್ ಇದೆಯೇ ಎಂದು ಹೊರಗೆ ಕೂತಿದ್ದ ಅವರ ಮಗನನ್ನು ಕೇಳಲಿಲ್ಲ. ಕೇಳಲು ಎರಡು ನಿಮಿಷ ಸಾಕಿತ್ತು. ಮೂರನೇ ತಿಂಗಳಲ್ಲಿ ಅವರನ್ನು ಗಾಲಿಕುರ್ಚಿಯಲ್ಲಿ ತಂದರು. ಅಷ್ಟರಲ್ಲಿ ಸ್ಟಿರಾಯ್ಡ್ ಇಳಿಸಿ ನಿಲ್ಲಿಸಿದ್ದರು. ಹಳೆಯ ಜಾಗ ಹೆಚ್ಚುಕಡಿಮೆ ಖಾಲಿ, ಇನ್ನೊಂದು ಬದಿಯಲ್ಲಿ ನಿಂಬೆಹಣ್ಣಿನಷ್ಟು ಹೊಸ ಗಡ್ಡೆ, ಡಿಫ್ಯೂಷನ್ ಚಿತ್ರದಲ್ಲಿ ಹೊಳೆಯುತ್ತಿತ್ತು. ಬಯಾಪ್ಸಿಯಲ್ಲಿ ಲಿಂಫೋಮಾ ಬಂತು. ಆ ಮೂರು ತಿಂಗಳು ಅವರಿಗೆ ವಾಪಸು ಸಿಗಲಿಲ್ಲ. ಅಂದಿನಿಂದ ಸ್ಟಿರಾಯ್ಡ್ ತೆಗೆದುಕೊಂಡಿದ್ದೀರಾ, ಯಾವ ತಾರೀಕಿನಿಂದ, ದಿನಕ್ಕೆ ಎಷ್ಟು ಎಂದು ಕೇಳದೆ ನಾನು ಮಿದುಳಿನ ಸ್ಕ್ಯಾನ್ ಓದುವುದಿಲ್ಲ.

ಸ್ಟಿರಾಯ್ಡ್ ಮಾಡುವುದು ಏನು? ಮಿದುಳಿನ ಬೇರೆ ಗಡ್ಡೆಗಳಲ್ಲಿ ಅದು ಸುತ್ತಲಿನ ಊತವನ್ನು ಇಳಿಸುತ್ತದೆ, ಗಡ್ಡೆ ಇದ್ದ ಹಾಗೇ ಇರುತ್ತದೆ. ಲಿಂಫೋಮಾದಲ್ಲಿ ಮಾತ್ರ ಅದು ಕಣಗಳನ್ನೇ ಕೊಲ್ಲುತ್ತದೆ, ಕೆಲವರಲ್ಲಿ ಒಂದೆರಡು ದಿನಗಳಲ್ಲೇ ಬದಲಾವಣೆ ಕಾಣುತ್ತದೆ. ಆದರೆ ಎಲ್ಲ ಕಣಗಳೂ ಸಾಯುವುದಿಲ್ಲ. ಈ ಹೊತ್ತಿನಲ್ಲಿ ಸೂಜಿ ಹಾಕಿದರೆ ಬರುವ ತುಣುಕಿನಲ್ಲಿ ಸತ್ತದ್ದನ್ನು ಗುಡಿಸುವ ಕಣಗಳು, ಉರಿಯೂತದ ಕಣಗಳು, ಗಾಯದ ಕಲೆ ಇಷ್ಟೇ ಇರಬಹುದು. ಪೆಥಾಲಜಿಯವರು ಕ್ಯಾನ್ಸರ್ ಕಾಣುತ್ತಿಲ್ಲ ಎಂದು ಬರೆಯುತ್ತಾರೆ, ಮನೆಯವರು ದೇವರಿಗೆ ಕೈಮುಗಿಯುತ್ತಾರೆ, ರೋಗ ಒಳಗೇ ಉಳಿಯುತ್ತದೆ. ಅದಕ್ಕೇ ಲಿಂಫೋಮಾ ಅನುಮಾನ ಇದ್ದು ರೋಗಿ ತಡೆದುಕೊಳ್ಳುವ ಸ್ಥಿತಿಯಲ್ಲಿದ್ದರೆ ಬಯಾಪ್ಸಿಗೆ ಮೊದಲು ಸ್ಟಿರಾಯ್ಡ್ ಕೊಡಬಾರದು ಎಂಬ ನಿಯಮ. ಹಾಗೆಂದು ಸ್ಟಿರಾಯ್ಡ್ ಆದ ಮೇಲಿನ ಬಯಾಪ್ಸಿ ಎಲ್ಲವೂ ವ್ಯರ್ಥ ಅಲ್ಲ. ಕಾಂಟ್ರಾಸ್ಟ್‌ಗೆ ಬೆಳಗುವ ಭಾಗ ಉಳಿದಿದ್ದರೆ ಅಲ್ಲಿಂದ ಎಷ್ಟೋ ಸಲ ಉತ್ತರ ಸಿಕ್ಕಿದೆ. ತಂದೆಯವರಲ್ಲಿ ಬೆಳಗುವ ಭಾಗವೇ ಉಳಿದಿಲ್ಲ ಎಂದು ಎರಡನೇ ರಿಪೋರ್ಟ್ ಹೇಳುತ್ತದೆ, ಸೂಜಿಗೆ ಗುರಿಯೇ ಇಲ್ಲ. ಕಾಯೋಣ ಅನ್ನುವುದು ಅದಕ್ಕೆ. ತಂದೆಯವರಿಗೆ ಡೆಕ್ಸಾ ಬರೆದ ವೈದ್ಯರನ್ನು ದೂರಬೇಡಿ. ಮಿದುಳು ಊದಿ ಪ್ರಜ್ಞೆ ಇಳಿಯುತ್ತಿರುವಾಗ ಜೀವ ಉಳಿಸುವ ಔಷಧವೂ ಅದೇ.

ಮಾವನವರಿಗೆ ಒಂದು ಮಾತು ಹೇಳಿ. ಸ್ಟಿರಾಯ್ಡ್‌ಗೆ ಕರಗಿತು ಎಂದ ಮಾತ್ರಕ್ಕೆ ಲಿಂಫೋಮಾ ಎಂದೂ ಸಾಬೀತಾಗುವುದಿಲ್ಲ. ನರದ ಹೊದಿಕೆ ಕಳಚುವ ಡಿಮೈಲಿನೇಷನ್ ರೋಗ, ಸಾರ್ಕಾಯ್ಡ್ ಎಂಬ ಉರಿಯೂತ ಇವೂ ಹೀಗೆ ಕರಗುತ್ತವೆ. ಒಂದೊಂದರ ಚಿಕಿತ್ಸೆ ಒಂದೊಂದು ದಿಕ್ಕಿಗೆ. ಗ್ಲಯೋಬ್ಲಾಸ್ಟೋಮಾ ಆದರೆ ತಲೆ ತೆರೆದು ಆದಷ್ಟು ಗಡ್ಡೆ ತೆಗೆದು ರೇಡಿಯೇಷನ್ ಕೊಡಬೇಕು. ಕ್ಷಯವಾದರೆ ವರ್ಷದ ಹತ್ತಿರಹತ್ತಿರ ಮಾತ್ರೆ. ಲಿಂಫೋಮಾ ಆದರೆ ದೊಡ್ಡ ಆಪರೇಷನ್ ಸಾಮಾನ್ಯವಾಗಿ ಬೇಕಿಲ್ಲ, ಸೂಜಿಯಲ್ಲಿ ತುಣುಕು ತೆಗೆದು ಮೆಥೋಟ್ರೆಕ್ಸೇಟ್ ಎಂಬ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ 3 ಗ್ರಾಂ ಅಥವಾ ಅದಕ್ಕೂ ಮೇಲೆ. ಅಷ್ಟು ಕೊಟ್ಟರೆ ಮಾತ್ರ ಅದು ಮಿದುಳಿನೊಳಗೆ ಸಾಕಷ್ಟು ಇಳಿಯುತ್ತದೆ. ಆಸ್ಪತ್ರೆಯಲ್ಲಿ ಸೇರಿಸಿಕೊಂಡು, ನೀರು ಹಾಯಿಸಿ, ಕಿಡ್ನಿ ಕಾಯುತ್ತಾ ಕೊಡುವ ಔಷಧ ಅದು. ಬರೀ ಚಿತ್ರ ನೋಡಿ 64 ವರ್ಷದವರಿಗೆ ಅದನ್ನು ಕೊಡಲು ಯಾವ ವೈದ್ಯರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ: ಚೆನ್ನಾಗಿ ಮಾಡಿದ ಸ್ಕ್ಯಾನ್ ರೋಗದ ಹೆಸರನ್ನು ಬಲವಾಗಿ ಸೂಚಿಸುತ್ತದೆ, ಸೂಜಿ ಎಲ್ಲಿ ಹೋಗಬೇಕು ಎಂದು ತೋರಿಸುತ್ತದೆ, ಸ್ಟಿರಾಯ್ಡ್ ಬೇಡ ಎಂದು ಸಮಯಕ್ಕೆ ಸರಿಯಾಗಿ ಎಚ್ಚರಿಸುತ್ತದೆ. ಚಿಕಿತ್ಸೆ ಶುರು ಮಾಡಲು ತುಣುಕಿನ ಸಾಕ್ಷಿಯೇ ಬೇಕು. ಲಿಂಫೋಮಾ ಕಿಮೋಗೆ ಬಗ್ಗುವ ಗಡ್ಡೆ ಎಂಬುದನ್ನೂ ನೆನಪಿಡಿ. ಸರಿಯಾದ ಹೆಸರು ಬೇಗ ಸಿಕ್ಕಷ್ಟೂ ಲಾಭ ತಂದೆಯವರಿಗೇ.

ಬಯಾಪ್ಸಿ ಎಂದರೆ ತಲೆ ಒಡೆಯುವುದು ಎಂಬ ಭಯ ಮನೆಯಲ್ಲಿದ್ದರೆ ಬಿಡಿಸಿ. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ತೂತು, ಸ್ಕ್ಯಾನಿನ ಅಳತೆ ಹಿಡಿದು ಗುರಿಯಿಟ್ಟ ತೆಳು ಸೂಜಿ. ರಕ್ತಸ್ರಾವದ ಅಪಾಯ ಚಿಕ್ಕದಾದರೂ ಇದೆ, ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಬೇಕು.

ಕಾಯುವ ವಾರಗಳು ಸುಮ್ಮನೆ ಕಳೆಯದಿರಲಿ. ಕಣ್ಣಿನ ವೈದ್ಯರ ಬಳಿ ಸ್ಲಿಟ್ ಲ್ಯಾಂಪ್ ಪರೀಕ್ಷೆ ಮಾಡಿಸಿ. ಈ ರೋಗ ಗಣನೀಯ ಸಂಖ್ಯೆಯ ಜನರಲ್ಲಿ ಕಣ್ಣಿನೊಳಗೂ ಇರುತ್ತದೆ, ರೋಗಿಗೆ ದೃಷ್ಟಿಯ ತೊಂದರೆ ಇಲ್ಲದಿದ್ದರೂ ಇರಬಹುದು. ಅಲ್ಲಿ ಸಿಕ್ಕರೆ ತುಣುಕನ್ನು ಕಣ್ಣಿನಿಂದಲೇ ತೆಗೆಯಬಹುದು, ಮಿದುಳಿಗೆ ಸೂಜಿಯೇ ಬೇಕಾಗದು. ತಲೆಯೊಳಗಿನ ಒತ್ತಡದಿಂದ ಅಪಾಯ ಇಲ್ಲವೆಂದು ನ್ಯೂರೋ ವೈದ್ಯರು ಹೇಳಿದರೆ ಬೆನ್ನಿನಿಂದ ನೀರು ತೆಗೆದು ಅದರಲ್ಲೂ ಕಣ ಹುಡುಕಬಹುದು. ಇಡೀ ದೇಹದ ಪೆಟ್ ಸಿಟಿ ಸ್ಕ್ಯಾನ್ ಬೇಕು, ಬೇರೆಲ್ಲೋ ಹುಟ್ಟಿ ಮಿದುಳಿಗೆ ಬಂದದ್ದಲ್ಲ ಎಂದು ತಿಳಿಯಲು. ಈ ವಯಸ್ಸಿನ ಗಂಡಸರಿಗೆ ವೃಷಣದ ಸೋನೋಗ್ರಫಿಯೂ ಮಾಡಿಸುತ್ತಾರೆ, ಅಲ್ಲಿನ ಲಿಂಫೋಮಾ ಮಿದುಳಿಗೆ ಹೋಗುವ ಗುಣದ್ದು. ತಂದೆಯವರು ನಾಚಿದರೆ ಕಾರಣ ಬಿಡಿಸಿ ಹೇಳಿ, ಒಪ್ಪುತ್ತಾರೆ.

ಡೆಕ್ಸಾವನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ವೈದ್ಯರು ಬರೆದುಕೊಟ್ಟ ಲೆಕ್ಕದಲ್ಲಿ ಇಳಿಸಬೇಕು, ಇಲ್ಲವಾದರೆ ದೇಹ ಕುಸಿಯುತ್ತದೆ. ನಿಂತ ಮೇಲೆ ಎರಡು ನಾಲ್ಕು ವಾರಕ್ಕೊಮ್ಮೆ ಕಾಂಟ್ರಾಸ್ಟ್ ಎಂಆರ್‌ಐ, ಸಾಧ್ಯವಾದರೆ ಅದೇ ಮಷೀನಿನಲ್ಲಿ. ನಡುವೆ ಬೆಳಗಿನ ತಲೆನೋವು ವಾಂತಿ, ಹೆಚ್ಚಿದ ನಿದ್ದೆ, ಫಿಟ್ಸ್, ಒಂದು ಬದಿಯ ಬಲ ಇಳಿಯುವುದು ಇವುಗಳಲ್ಲಿ ಯಾವುದು ಕಂಡರೂ ಅಪಾಯಿಂಟ್‌ಮೆಂಟ್ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಚಿಲ್ಲರೆ ಲೆಕ್ಕವೂ ಒಂದು ಪರೀಕ್ಷೆಯೇ. ದಿನಾ ಸಂಜೆ ಇನ್ನೂರರ ನೋಟಿಗೆ ನೂರಾ ಮೂವತ್ತೇಳು ಹೋದರೆ ಎಷ್ಟು ಎಂದು ಮಾತಿನ ನಡುವೆ ಕೇಳಿ ನೋಡಿ. ಗಲ್ಲಾದಲ್ಲಿ ಕೂತವರು ಅದಕ್ಕೆ ತಡವರಿಸಿದರೆ ಮುಂದಿನ ಸ್ಕ್ಯಾನ್ ಮುಂಚಿತವಾಗಲಿ.

ಎರಡನೇ ಅಭಿಪ್ರಾಯ ಬೇಕೆನಿಸಿದರೆ ಪರೇಲ್‌ನಲ್ಲಿ 1941ರಿಂದ ನಡೆಯುತ್ತಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆ ನಿಮಗೆ ಒಂದೇ ಲೋಕಲ್‌ನ ದೂರ. ಅಲ್ಲಿನ ಸಾಲಿನಲ್ಲಿ ಬೆಳಗಾವಿ, ವಿಜಯಪುರದ ಕಡೆಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರ ಕನ್ನಡ ನಿಮ್ಮ ಕಿವಿಗೆ ಬೀಳುತ್ತದೆ. ಎಲ್ಲಿಗೇ ಹೋದರೂ ವಾಟ್ಸಾಪ್‌ನಲ್ಲಿ ಫಿಲ್ಮಿನ ಫೋಟೋ ತೋರಿಸಬೇಡಿ, ಡಿಫ್ಯೂಷನ್ ನಕ್ಷೆ ಅದರಲ್ಲಿ ಓದಲು ಬರುವುದಿಲ್ಲ. ಸ್ಕ್ಯಾನ್ ಸೆಂಟರಿನಿಂದ ಸಿಡಿ ಕೇಳಿ ಪಡೆಯಿರಿ. ಎರಡು ಎಂಆರ್‌ಐಗಳಲ್ಲಿ ಬೆಲೆಬಾಳುವುದು ಮೊದಲನೆಯದು, ಸ್ಟಿರಾಯ್ಡ್ ಮುಟ್ಟುವ ಮೊದಲು ರೋಗ ಹೇಗಿತ್ತು ಎಂಬುದಕ್ಕೆ ಇರುವ ದಾಖಲೆ ಅದೊಂದೇ. ಇನ್ನೊಂದು ಪ್ರತಿ ಮಾಡಿಸಿ ಬೇರೆ ಇಡಿ. ಡೆಕ್ಸಾ ಶುರುವಾದ ತಾರೀಕು, ದಿನಕ್ಕೆ ಎಷ್ಟು ಮಿಲಿಗ್ರಾಂ, ಯಾವತ್ತು ಎಷ್ಟಕ್ಕೆ ಇಳಿಸಿದರು, ಇಷ್ಟನ್ನು ಆ ಸಿಡಿಯ ಕವರಿನ ಮೇಲೇ ಪೆನ್ನಿನಲ್ಲಿ ಬರೆದಿಡಿ.